ಇಪ್ಪತ್ತೊಂದು ದಿನದ ನೀರು

ನೆದರ್ಲೆಂಡ್ಸಿಗೆ ಓದಲು ಹೋದ ಮೊದಲ ವಾರವೇ ನಮ್ಮ ಪ್ರೊಫೆಸರಮ್ಮ ಒಂದು ಪ್ರಶ್ನೆ ಕೇಳಿದರು: "ನಿಮ್ಮೂರಿನ ಕಾಲುವೆ ಎಲ್ಲಿ ಮುಗಿಯುತ್ತದೆ?" ಒಬ್ಬ ಸಮುದ್ರದಲ್ಲಿ ಎಂದ, ಇನ್ನೊಬ್ಬಳು ಕೆರೆಯಲ್ಲಿ ಎಂದಳು. ನನ್ನ ಸರದಿ ಬಂದಾಗ, "ನಕಾಶೆಯ ಪ್ರಕಾರ ನಮ್ಮ ದೊಡ್ಡವ್ವನ ಹೊಲದಲ್ಲಿ. ನೀರಿನ ಪ್ರಕಾರ ಅದಕ್ಕೂ ಎರಡೂರು ಮೊದಲೇ" ಎಂದೆ. ತರಗತಿಯೆಲ್ಲ ನಕ್ಕಿತು. ಪ್ರೊಫೆಸರಮ್ಮ ನಗಲಿಲ್ಲ. ಆ ನೀರು ಎಲ್ಲಿ ಹೋಗುತ್ತದೆಂದು ಅಳೆದು ತೋರಿಸು, ಅದೇ ನಿನ್ನ ಪ್ರಬಂಧವಾಗಲಿ ಎಂದರು.

ನಾನು ತಕ್ಷಣ ಹೂಂ ಎಂದೆ. ಹೆದರುವ ಜಾತಿಯವಳಲ್ಲ ನಾನು. ಲಿಂಗಸುಗೂರಿನ ಸರ್ಕಾರಿ ಶಾಲೆಯ ಮೇಷ್ಟ್ರ ಮಗಳು, ಅಪ್ಪನ ತರಗತಿಯಲ್ಲೇ ಅಪ್ಪನ ಲೆಕ್ಕ ತಪ್ಪು ಎಂದು ಎದ್ದು ನಿಂತವಳು. ಪರದೇಶದಲ್ಲಿ ಮನೆ ನೆನಪಾಗಿ ಅತ್ತೆಯಾ ಎಂದು ಎಲ್ಲರೂ ಕೇಳುತ್ತಾರೆ. ಅಳಲಿಲ್ಲ. ಒಯ್ದಿದ್ದ ಜೋಳದ ಹಿಟ್ಟು ಮುಗಿದ ದಿನ ಮಾತ್ರ ಖಾಲಿ ಚೀಲವನ್ನು ಎರಡು ಸಲ ಕೊಡವಿ ನೋಡಿದೆ.

ನನಗೆ ಸೋಜಿಗವಾಗಿದ್ದು ಅಲ್ಲಿಯ ಒಂದು ರೀತಿ. ಪಕ್ಕದ ಕೋಣೆಯ ಹುಡುಗಿ ನನ್ನನ್ನು ಚಹಾಕ್ಕೆ ಕರೆದದ್ದು, ಮುಂದಿನ ಗುರುವಾರ ನಾಲ್ಕೂವರೆಗೆ! ಅಲ್ಲ, ಗೋಡೆಗೆ ಗೋಡೆ ಅಂಟಿಕೊಂಡಿರುವ ಕೋಣೆ, ಇವತ್ತು ಕುಡಿದರೆ ಏನು ಗಂಟು ಹೋಗುತ್ತಿತ್ತು? ಆದರೆ ಅಲ್ಲಿ ಹೇಳದೆ ಕೇಳದೆ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಒಂದು ವರ್ಷದಲ್ಲಿ ನನಗೂ ಅದೇ ಮೈಗೂಡಿತು. ಅದೇ ನನಗೆ ಮುಳುವಾಯಿತು.

ನಮ್ಮ ಉಪಕಾಲುವೆ ಸಿಂಧನೂರು ಕಡೆಯ ಭತ್ತದ ಗದ್ದೆಗಳ ನಡುವೆ ಹುಟ್ಟಿ ಮಸ್ಕಿ ಕಡೆಯ ಒಂದು ಹಳ್ಳಿಯಲ್ಲಿ ಮುಗಿಯುತ್ತದೆ. ಆ ಕೊನೆಯಲ್ಲಿ ನಮ್ಮವ್ವನ ಅಕ್ಕ, ಅಂದರೆ ನನ್ನ ದೊಡ್ಡವ್ವನ ಮೂರೆಕರೆ ಇದೆ. ಮೇಲ್ಭಾಗದ ಕೆಲವರು ಏರಿಯ ಮೇಲೆ ಪೈಪು ಹಾಯಿಸಿ ಪಂಪು ಹಚ್ಚಿ ತಮ್ಮ ಪಾಲಿಗಿಂತ ಹೆಚ್ಚು ನೀರು ಎಳೆಯುತ್ತಾರೆ. ಸಣ್ಣ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಆದರೆ ರೈತರ ಸಭೆಯಲ್ಲಿ ಯಾರಾದರೂ ಬಾಯಿ ಬಿಟ್ಟರೆ ಉತ್ತರ ಸಿದ್ಧವಿರುತ್ತದೆ: ಕಾಲುವೆಗೆ ಇಳಿಜಾರಿಲ್ಲ, ಹೂಳು ತುಂಬಿದೆ, ಅಷ್ಟು ದೂರ ನೀರು ಹೋಗುವುದೇ ಇಲ್ಲ. ಅಳೆದವರು ಯಾರೂ ಇರಲಿಲ್ಲ.

ಅಳೆಯಲು ನಾನು ಬಂದೆ. ವಿಶ್ವವಿದ್ಯಾಲಯ ಒಂದು ಸಲ ಹೋಗಿ ಬರುವ ವಿಮಾನ ಟಿಕೆಟ್ಟನ್ನೂ ಹಳದಿ ಡಬ್ಬಿಯಲ್ಲಿ ನೀರಿನ ಹರಿವು ಅಳೆಯುವ ಎರಡು ಯಂತ್ರಗಳನ್ನೂ ಕೊಟ್ಟಿತ್ತು. ಇಪ್ಪತ್ತೊಂದು ದಿನ ಅಳೆಯಬೇಕು, ಮರಳಿ ಹೋಗಿ ಬರೆಯಬೇಕು, ವಿದ್ಯಾರ್ಥಿವೇತನ ಮುಗಿಯುವುದರೊಳಗೆ ಒಪ್ಪಿಸಬೇಕು. ಅಂಕಿಗಳು ಕೆಟ್ಟರೆ ಎರಡನೆಯ ಸಲ ಬರುವಂತಿರಲಿಲ್ಲ. ಎರಡು ವರ್ಷದ ಓದು ಆ ಡಬ್ಬಿಯೊಳಗೆ ಕೂತಿತ್ತು.

ದೊಡ್ಡವ್ವ ನನ್ನನ್ನು ನೋಡಿದ ಕೂಡಲೇ ಓಣಿಗೆಲ್ಲ ಕೇಳುವಂತೆ ಅಂದಳು: "ಊರಿಗಿ ಬಂದಾಕಿ ನೀರಿಗಿ ಬರಲ್ದ ಇರ್ತಾಳೇನು? ಬಾ ಯವ್ವಾ, ಬಾ. ಇಲ್ಲದ ನೀರ ಅಳ್ಯಾಕ ಬಂದಾಳ ನೋಡ್ರಿ ನಮ್ಮ ಹುಡುಗಿ!"

ಆದರೆ ಅಳೆಯುವ ಮೊದಲು ಒಂದು ನಿಯಮವಿತ್ತು. ಯಾರ ಯಾರ ನೀರನ್ನು ಅಳೆಯುತ್ತೇನೋ ಅವರಿಗೆಲ್ಲ ಮೊದಲೇ ತಿಳಿಸಿ, ಒಪ್ಪಿಗೆಯ ಸಹಿ ಪಡೆಯಬೇಕು. ನಾನು ಕನ್ನಡದಲ್ಲಿ ಚಂದವಾಗಿ ಒಪ್ಪಿಗೆ ಪತ್ರ ಬರೆದು ಸಿಂಧನೂರಿನಲ್ಲಿ ಜೆರಾಕ್ಸ್ ಮಾಡಿಸಿದೆ. ಅಪ್ಪ ಅದನ್ನು ಓದಿ, ಕನ್ನಡಕ ತೆಗೆದು, "ಹೇಳಿ ಅಳೀತಿ ಏನು? ಹುಚ್ಚಿ ಅದಿ. ಸುಮ್ನ ಅಳಕೊಂಡು ಹೋಗು" ಎಂದ. ನಾನು ಯಾವತ್ತು ಅಪ್ಪನ ಮಾತು ಕೇಳಿದ್ದೆ, ಅವತ್ತು ಕೇಳಲಿಕ್ಕೆ? ನಿಯಮ ಅಂದರೆ ನಿಯಮ ಎಂದು ಅವನ ಬೈಕಿನಲ್ಲೇ ಅವನನ್ನೇ ಕೂರಿಸಿಕೊಂಡು ಹೊರಟೆ.

ಮೇಲ್ಭಾಗದ ಕ್ಯಾಂಪಿನಲ್ಲಿ, ಅಂದರೆ ವಲಸೆ ಬಂದ ರೈತರು ಕಟ್ಟಿಕೊಂಡ ಊರಿನಲ್ಲಿ, ಒಬ್ಬ ಹಿರಿಯರಿದ್ದರು. ಅವರ ಅಜ್ಜನ ಕಾಲದಲ್ಲಿ ಆಂಧ್ರದಿಂದ ಬಂದು ನೆಲೆಸಿದ ಮನೆತನ, ಒಳ್ಳೆಯ ಭತ್ತದ ಬೆಳೆಗಾರರು. ಕಾಗದವನ್ನು ಎರಡು ಸಲ ಓದಿದರು.

"ಎಷ್ಟು ದಿನ ಅಳೀತೀರಮ್ಮಾ?"

"ಇಪ್ಪತ್ತೊಂದು ದಿನರೀ."

"ರಾತ್ರಿನೂ?"

"ಹೂಂರೀ. ಯಂತ್ರ ತಾನ ಬರಕೊಂತೈತಿ."

"ಮಂಚಿದಿ, ಭಾಳ ಚಲೋ ಕೆಲಸ" ಎಂದು ಎಲ್ಲರಿಗಿಂತ ಮೊದಲು ಸಹಿ ಹಾಕಿದರು. ಆಮೇಲೆ ಸಹಿಗಳು ಪುಗಸಟ್ಟೆ ಬಂದ ಹಾಗೆ ಬಂದವು. ಚಹಾ ಕುಡಿದು ಕುಡಿದು ನನ್ನ ಹೊಟ್ಟೆ ಕೆಟ್ಟಿತು. ಪರದೇಶದ ನಿಯಮವನ್ನು ನಮ್ಮ ಮಣ್ಣಲ್ಲಿ ನಡೆಸಿ ತೋರಿಸಿದೆ ಎಂದು ಪ್ರೊಫೆಸರಮ್ಮನಿಗೆ ಹೆಮ್ಮೆಯಿಂದ ಬರೆದೆ. ಒಂದು ಯಂತ್ರವನ್ನು ಕಾಲುವೆಯ ತಲೆಗೂ ಇನ್ನೊಂದನ್ನು ದೊಡ್ಡವ್ವನ ಹೊಲದ ಅಂಚಿಗೂ ಹಚ್ಚಿದೆ.

ಯಂತ್ರ ಹಚ್ಚಿದ ಮರುದಿನ ಬೆಳಿಗ್ಗೆಯೇ ದೊಡ್ಡವ್ವನ ಫೋನು. "ಲೇ, ಎದ್ದಿಯೇನ? ನೀರ ಬಂತಲೇ! ದಂಡಿ ಮುಟ್ಟಿ ಬರಾಕತ್ತೈತಿ! ಲಗೂನ ಬಾ!"

ಹೋಗಿ ನೋಡಿದರೆ ಖರೇನೇ. ಒಣಗಿ ಬಿರುಕು ಬಿಟ್ಟಿದ್ದ ಕಾಲುವೆಯಲ್ಲಿ ಕೆಂಪು ನೀರು ತುಂಬಿ ಹರಿಯುತ್ತಿತ್ತು. ದೊಡ್ಡವ್ವ ಸೀರೆ ಎತ್ತಿ ಕಟ್ಟಿ, ಸಲಿಕೆ ಹಿಡಿದು, ಹತ್ತಿ ಸಾಲಿಗೆ ನೀರು ತಿರುಗಿಸುತ್ತಾ ಯಾರನ್ನೋ ಹಾಡಿನಲ್ಲೇ ಬೈಯುತ್ತಿದ್ದಳು. ಅವಳ ಖುಷಿ ನೋಡಿ ನನಗೂ ಖುಷಿಯಾಯಿತು. ಲ್ಯಾಪ್‌ಟಾಪ್ ತೆರೆಯುವವರೆಗೆ ಮಾತ್ರ. ಕಾಲುವೆಯ ತಲೆಯಲ್ಲಿ ಹೊರಟ ನೀರಿನಲ್ಲಿ ದೊಡ್ಡವ್ವನ ಪಾಲು ಎಷ್ಟಿರಬೇಕೋ ಅಷ್ಟೂ ಬಂದಿತ್ತು. ಎಲ್ಲಿಯೂ ನೀರು ಕಳೆದಿರಲಿಲ್ಲ. ಯಂತ್ರ ಕೆಟ್ಟಿದೆ ಎಂದುಕೊಂಡು ಬಿಚ್ಚಿ, ತೊಳೆದು, ಮತ್ತೆ ಹಚ್ಚಿದೆ. ಅದೇ ಅಂಕಿ. ಮರುದಿನವೂ ಅದೇ.

ಹತ್ತನೆಯ ದಿನ ಕ್ಯಾಂಪಿನ ಹಿರಿಯರು ಮತ್ತೆ ಚಹಾಕ್ಕೆ ಕರೆದರು. ಕೈ ತೊಳೆಯಲು ಹಿತ್ತಲಿಗೆ ಹೋದೆ. ದನದ ಕೊಟ್ಟಿಗೆಯ ಹಿಂದೆ ದೊಡ್ಡದೊಂದು ತಾಡಪತ್ರಿ ಹೊದಿಸಿದ ಗುಡ್ಡೆ. ಗಾಳಿಗೆ ಅದರ ಒಂದು ಮೂಲೆ ಎದ್ದಿತ್ತು. ಒಳಗೆ ಸುರುಳಿ ಸುತ್ತಿದ ಪೈಪುಗಳು, ಒರೆಸಿಟ್ಟ ಮೂರು ಪಂಪುಗಳು.

ನಾನು ಒಳಗೆ ಬಂದು ನೇರವಾಗಿ ಕೇಳಿದೆ: "ಏನ್ರೀ ಯಜಮಾನ್ರ, ಪಂಪ್ ಎಲ್ಲಾ ಕಿತ್ತಿಟ್ಟೀರಿ?"

ಅವರಿಗೆ ನಾಚಿಕೆಯೇನೂ ಆಗಲಿಲ್ಲ. "ಮತ್ತ? ನೀವ ಅಲ್ಲೇನಮ್ಮಾ, ಇಂಥಾ ದಿನ ಬರ್ತೀನಂತ ಹೇಳಿ ಸೈ ತಗೊಂಡು ಹೋದೋರು? ಹೇಳಿ ಬಂದೋರಿಗೆ ಮನಿ ಗುಡಿಸಿ ತೋರಿಸ್ಬೇಕಲ್ಲ. ಎಲ್ಲಾರೂ ತೆಗದಿಟ್ಟೀವಿ. ಇಪ್ಪತ್ತೊಂದು ದಿನ ಆಗಲಿ, ಮತ್ತ ಹಚ್ಕೊಂತೀವಿ."

ನನ್ನ ತಲೆಗೆ ನಾನೇ ಬಡಿದುಕೊಳ್ಳುವ ಹಾಗಾಯಿತು. ನಮ್ಮ ಕಡೆ ಮೊದಲೇ ಹೇಳಿ ಬರುವವರು ಎರಡೇ ಬಗೆಯವರು: ಹೆಣ್ಣು ನೋಡಲು ಬರುವ ಬೀಗರು, ತಪಾಸಣೆಗೆ ಬರುವ ಸಾಹೇಬರು. ಯಾರೇ ಬಂದರೂ ಮನೆ ಗುಡಿಸುತ್ತಾರೆ, ಮುಚ್ಚಿಡುವುದನ್ನು ಮುಚ್ಚಿಡುತ್ತಾರೆ. ಈ ನೆಲದಲ್ಲೇ ಹುಟ್ಟಿದ ನನಗೆ ಇದು ಮರೆತುಹೋಗಿತ್ತು. ಒಂದೇ ವರ್ಷ, ಗುರುವಾರದ ನಾಲ್ಕೂವರೆಯ ಚಹಾ ಕುಡಿದು ಕುಡಿದು!

ಅವತ್ತು ಸಂಜೆ ಅಪ್ಪ ನನ್ನ ಮುಖ ನೋಡಿಯೇ ತಿಳಿದುಕೊಂಡ. ನಗಲಿಲ್ಲ, ಅದು ಅವನ ದೊಡ್ಡಗುಣ. "ಇನ್ನೂ ಟೈಮ್ ಐತಿ. ಮುಗೀತು, ಹೊಂಟೆ ಅಂತ ಊರ ತುಂಬ ಹೇಳು. ಯಂತ್ರ ಅಲ್ಲೇ ನೀರೊಳಗ ಇರ್ಲಿ. ನಾಕು ದಿನದಾಗ ಖರೇ ಅಂಕಿ ಸಿಗ್ತಾವ."

ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಾಡಲಿಲ್ಲ. ಹೇಳಿ ಸಹಿ ಪಡೆದ ಮೇಲೆ ಕದ್ದು ಅಳೆಯುವುದು ನನ್ನಿಂದಾಗದ ಮಾತು. ಆದರೆ ನಿಯಮ ಅರ್ಧ ಕಾರಣ ಅಷ್ಟೇ. ಇನ್ನರ್ಧ ದೊಡ್ಡವ್ವನ ಹತ್ತಿ. ಕಾಯಿ ಕಟ್ಟುವ ಹೊತ್ತು ಅದು, ಇನ್ನೊಂದು ನೀರು ಬಿದ್ದರೆ ಗೆದ್ದೆ ಎನ್ನುತ್ತಿದ್ದಳು. ನನ್ನ ಅಂಕಿಗಾಗಿ ಅವಳ ನೀರನ್ನು ನಾನೇ ನಿಲ್ಲಿಸಲೇ? ಹಳದಿ ಡಬ್ಬಿಯನ್ನು ಎಲ್ಲರಿಗೂ ಕಾಣುವ ಹಾಗೆ ಏರಿಯ ಮೇಲೆ ಇಟ್ಟುಕೊಂಡು ಇಪ್ಪತ್ತೊಂದು ದಿನವೂ ಕೂತೆ.

ಮರುದಿನ ಯಂತ್ರ ಬಿಚ್ಚಿ ಲಿಂಗಸುಗೂರಿಗೆ ಬಂದೆ. ಸೂಟ್‌ಕೇಸು ಕಟ್ಟುತ್ತಿದ್ದಾಗ ದೊಡ್ಡವ್ವನ ಫೋನು ಬಂತು. "ನೀ ಅತ್ತಾಗ ಹೋದಿ, ನೀರ ಇತ್ತಾಗ ಹೋತು. ಇರ್ಲಿ ಬಿಡು, ಹತ್ತಿ ನಿಂತೈತಿ" ಎಂದಳು. ವಿಮಾನದಲ್ಲಿ ಇಡೀ ದಾರಿ ಆ ನೀರಿನದೇ ಯೋಚನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಸಂಕಟದಲ್ಲಿ ಊಟದ ತಟ್ಟೆಯನ್ನೂ ಮುಟ್ಟಲಿಲ್ಲ. ಅರಬ್ಬಿ ಸಮುದ್ರ ದಾಟುವಾಗ ಥಟ್ಟನೆ ಹೊಳೆಯಿತು, ನಾನು ಹಿಡಿದ ಅಂಕಿ ಕೆಟ್ಟ ಅಂಕಿ ಅಲ್ಲವೇ ಅಲ್ಲ ಎಂದು.

ಮೌಖಿಕ ಪರೀಕ್ಷೆಯಲ್ಲಿ ಮೂವರು ಕೂತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ನನ್ನ ಪ್ರಬಂಧವನ್ನು ಮೇಜಿನ ಮೇಲಿಟ್ಟು ಕೇಳಿದರು: "ನೀವು ಅಳೆದದ್ದು ದಿನನಿತ್ಯದ ನೀರನ್ನಲ್ಲ. ಜನ ಹೆದರಿ ಬಿಟ್ಟ ನೀರನ್ನು. ನೀರು ಎಲ್ಲಿ ಕಳೆಯುತ್ತದೆ ಎಂಬುದಕ್ಕೆ ನಿಮ್ಮಲ್ಲಿ ಪುರಾವೆಯೇ ಇಲ್ಲ, ಹೌದೇ?"

"ಹೌದು, ಇಲ್ಲ" ಎಂದೆ. "ಆ ಪ್ರಶ್ನೆಯಲ್ಲಿ ನಾನು ಸೋತಿದ್ದೇನೆ, ಹೇಗೆ ಸೋತೆ ಎಂಬುದನ್ನೂ ಬರೆದಿದ್ದೇನೆ. ಆದರೆ ಆ ಕಾಲುವೆಗೆ ಇಳಿಜಾರಿಲ್ಲ, ಹೂಳು ತುಂಬಿದೆ, ಕೊನೆಯ ಹೊಲಕ್ಕೆ ನೀರು ಹೋಗುವುದೇ ಇಲ್ಲ ಎಂದು ನಾನು ಹುಟ್ಟಿದಾಗಿನಿಂದ ಹೇಳುತ್ತಾ ಬಂದಿದ್ದಾರೆ. ಪಂಪು ಎತ್ತಿದರೆ ಹೋಗುತ್ತದೆ. ಪೂರ್ತಿ ಹೋಗುತ್ತದೆ. ಒಪ್ಪಿಗೆಯ ಸಹಿಗಳ ಸಮೇತ ಪುರಾವೆ ಇದೆ."

ಪ್ರೊಫೆಸರಮ್ಮ ಆಗ ನಕ್ಕರು. ನಾನು ಪಾಸಾದೆ.

ಊರಿಗೆ ಮರಳಿದ ಮೇಲೆ ಆ ಇಪ್ಪತ್ತೊಂದು ದಿನದ ನೀರಿನ ಗೆರೆಗಳನ್ನು, ಕಾಲುವೆಯ ತಲೆಯದೊಂದು, ಕೊನೆಯ ಹೊಲದ್ದೊಂದು, ಒಂದು ಹಾಳೆಯಲ್ಲಿ ಮುದ್ರಿಸಿ, ಲ್ಯಾಮಿನೇಷನ್ ಮಾಡಿಸಿ ದೊಡ್ಡವ್ವನಿಗೆ ಕೊಟ್ಟೆ. ಅವಳಿಗೆ ಓದು ಬಾರದು, ಆದರೆ ಯಾವ ಗೆರೆ ತನ್ನದು ಎಂಬುದು ಚೆನ್ನಾಗಿ ಗೊತ್ತು. ಸಿಂಧನೂರಿನಲ್ಲಿ ರೈತರ ಸಭೆ ಸೇರಿದ ದಿನ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತೆ. ಯಾರೋ ಎದ್ದು ಹೂಳು, ಇಳಿಜಾರು ಎಂದು ಶುರು ಮಾಡಿದರು. ದೊಡ್ಡವ್ವ ಎದ್ದು ನಿಂತು ಹಾಳೆಯನ್ನು ಎತ್ತಿ ಹಿಡಿದಳು.

"ಇಪ್ಪತ್ತೊಂದು ದಿನ ಬಂದೈತ್ರೀ ನೀರು, ಇಲ್ಲಿ ಬರದೈತಿ. ಇಪ್ಪತ್ತೆರಡನೇ ದಿನ ಹೂಳು ಎಲ್ಲಿಂದ ಬಂತು?"

ಮುಂದಿನ ಸಾಲಿನಲ್ಲಿದ್ದ ಕ್ಯಾಂಪಿನ ಹಿರಿಯರು ಕೆಮ್ಮಿ, ಕುರ್ಚಿಯಿಂದಲೇ ತಿರುಗಿ ಕೇಳಿದರು: "ಆ ಹುಡುಗಿ ಮತ್ತ ಅಳ್ಯಾಕ ಬರ್ತಾಳೇನಮ್ಮಾ?"

"ಬರ್ತಾಳ" ಎಂದಳು ದೊಡ್ಡವ್ವ. "ಈ ಸಲ ಹೇಳಿ ಬರಂಗಿಲ್ಲ."