ಸಫಾರಿಗೆ ಹೊಲಿಸಿದ ಖಾಕಿ

ಕೀನ್ಯಾಕ್ಕೆ ಹೋಗಿ ಸಿಂಹ ನೋಡಿ ಬರುತ್ತೇನೆ ಎಂದಾಗ ಬೋಗಾದಿಯ ನಮ್ಮ ಬೀದಿಯಲ್ಲಿ ಮೊದಲು ಯಾರೂ ನಂಬಲಿಲ್ಲ. ಎದುರು ಮನೆಯ ಬ್ಯಾಂಕಿನವರ ಹೆಂಡತಿಯಂತೂ ಗೇಟಿನಲ್ಲೇ ನಿಂತು, "ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಪಕ್ಕದಲ್ಲೇ ಬಂಡೀಪುರ ಇಲ್ವೇನ್ರೀ ಟೀಚರೇ" ಎಂದು ಕಾಲೆಳೆದರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಹಕ್ಕಿ ನೋಡುವವರ ಗುಂಪಿನೊಂದಿಗೆ ತಿರುಗುತ್ತಿದ್ದೆ. ಆ ಗುಂಪನ್ನು ಒಬ್ಬ ಗೈಡು ಆಫ್ರಿಕಾಕ್ಕೆ ಕರೆದೊಯ್ಯುವವನಿದ್ದ. ಮದುವೆಯಾಗದ ನನಗೆ ಬೇಡ ಎನ್ನಬಹುದಾಗಿದ್ದವರು ಮನೆಯಲ್ಲಿ ಅಪ್ಪ ಒಬ್ಬರೇ. ಅವರು ಬೇಡ ಎನ್ನುವುದಿರಲಿ, ಬೀದಿಗೆಲ್ಲ ಸಾರಿಕೊಂಡು ಬಂದರು.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಅದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ಹೊಸ ಬಡಾವಣೆಗೆ ಬಾಡಿಗೆಗೆ ಬಂದ ದಿನ ಎದುರು ಮನೆಯವರು ವಿಚಾರಿಸಿದಾಗ, "ಸಾರಿಗೆಯಲ್ಲಿದ್ದೆ" ಎಂದಷ್ಟೇ ಹೇಳಿದ್ದರು. ಅವರು ಆಫೀಸರ್ ಎಂದುಕೊಂಡರು, ಅಪ್ಪ ತಿದ್ದಲಿಲ್ಲ. ಅಂದಿನಿಂದ ಬೀದಿಗೆ ಬೀದಿಯೇ ಅವರನ್ನು ಸಾರ್ ಎಂದು ಕರೆಯಿತು. ಅದನ್ನು ಕೇಳಿಸಿಕೊಳ್ಳಲೆಂದೇ ಅವರು ದಿನಕ್ಕೆರಡು ಸಲ ಹಾಲಿನ ಬೂತಿಗೆ ಹೋಗುತ್ತಿದ್ದರೇನೋ ಎಂದು ನನಗೆ ಈಗಲೂ ಅನುಮಾನ. ಮಾತನ್ನೂ ಒಗೆದು ಇಸ್ತ್ರಿ ಮಾಡಿಟ್ಟುಕೊಂಡಿದ್ದರು. ನನ್ನ ಜೊತೆ "ಎಂಗೆ, ಅಂಗೆ" ಎನ್ನುವವರು ಬೀದಿಗೆ ಇಳಿದರೆ ಒಂದು ಹಕಾರವನ್ನೂ ಬಿಡುತ್ತಿರಲಿಲ್ಲ.

ಈ ನಾಟಕ ಯಾಕೆ ಎಂದು ಒಮ್ಮೆ ಸಿಟ್ಟಿನಿಂದಲೇ ಕೇಳಿದ್ದೆ. "ಖಾಕಿ ಆಕ್ದೋನ್ನ ನೆನ್ನೆ ಮೊನ್ನೆ ಉಟ್ಟಿದ್ ಐಕ್ಳೂ 'ಏ ಡ್ರೈವರ್, ನಿಲ್ಸಯ್ಯ' ಅಂತವೆ ಕಣಮ್ಮ. ಈಗ್ಲಾದ್ರೂ ನಾಕ್ ದಿನ ಸಾರ್ ಅನ್ನಿಸ್ಕಂಡು ಇರ್ತೀನಿ, ಬುಡು" ಎಂದರು. ನಾನು ಆಮೇಲೆ ಆ ಮಾತೆತ್ತಲಿಲ್ಲ.

ಇನ್ನು ಗೈಡಿನ ಕಟ್ಟಳೆಗಳು. ಕಾಡಿಗೆ ಹೋಗುವುದು ಪುಟ್ಟ ವಿಮಾನದಲ್ಲಿ, ಗಟ್ಟಿ ಸೂಟ್‌ಕೇಸ್ ನಡೆಯದು, ಬಟ್ಟೆಯ ಬ್ಯಾಗೇ ಆಗಬೇಕು. ಕಪ್ಪು, ನೀಲಿ ಬಟ್ಟೆ ಬೇಡ, ಅದಕ್ಕೆ ಕಚ್ಚುವ ನೊಣ ಮುತ್ತುತ್ತದೆ. ಖಾಕಿಯಾದರೆ ಎಲ್ಲದಕ್ಕೂ ಒಳ್ಳೆಯದು. ನನ್ನ ಬೀರುವಿನಲ್ಲಿ ಇದ್ದದ್ದೆಲ್ಲ ನೀಲಿ ಮತ್ತು ಮೆರೂನ್. ಹೆಂಗಸರಿಗೆ ಹೊಲಿದ ಖಾಕಿ ಎಲ್ಲೂ ಕಾಣದೆ ಮಾರ್ಕೆಟ್ಟಿನ ಹತ್ತಿರ ಯೂನಿಫಾರ್ಮ್ ಬಟ್ಟೆ ಮಾರುವ ಅಂಗಡಿಗೆ ಹೋದೆ. "ಯಾವ್ದಕ್ಕಾ, ಪೊಲೀಸಾ, ಬಸ್ಸಾ, ಆಟೋನಾ?" ಎಂದು ಅಂಗಡಿಯವನು ಕೇಳಿದ. ಸಿಂಹ ನೋಡುವುದಕ್ಕೆ ಎನ್ನಲು ಸಂಕೋಚವಾಗಿ ಕೈಗೆ ಹತ್ತಿರವಿದ್ದ ಥಾನು ತೋರಿಸಿದೆ. ಸರಸ್ವತಿಪುರಂನ ಟೈಲರಿಗೆ ಹೇಳಿದ್ದು ಇಷ್ಟೇ: ಸಡಿಲವಾಗಿರಲಿ, ಜೇಬು ಜಾಸ್ತಿ ಇರಲಿ.

ಆತನಿಗೆ ಗೊತ್ತಿದ್ದದ್ದು ಒಂದೇ ಥರದ ಖಾಕಿ ಅಂಗಿ. ಹೆಗಲಿಗೆ ಎರಡು ಪಟ್ಟಿ, ಎದೆಯ ಜೇಬುಗಳಿಗೆ ಮುಚ್ಚಳ, ಬಿಲ್ಲೆ ಸಿಕ್ಕಿಸಲು ಎಡಗಡೆ ಒಂದು ಕಾಜ. ಮನೆಗೆ ತಂದು ಬಿಚ್ಚಿ ನೋಡಿದರೆ ಸಾಕ್ಷಾತ್ ಬಸ್ ಡ್ರೈವರಿನ ಅಂಗಿ. ಬದಲಾಯಿಸಲು ಪುರುಸೊತ್ತಿರಲಿಲ್ಲ.

ಅಪ್ಪ ಅದನ್ನೇ ನೋಡುತ್ತಿದ್ದರು. "ಖಾಕಿ ಅಲ್ಲ, ಬಿಸ್ಕತ್ ಬಣ್ಣ ಅಪ್ಪ" ಎಂದೆ.

"ಬಿಸ್ಕತ್ತಿಗೆ ಎಗಲ್ ಪಟ್ಟಿ ಯಾಕಮ್ಮ?" ಎಂದು ಅಪ್ಪ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಬಂದು, "ಅಲ್ಲೋದ್ಮೇಲೆ ಆಕ್ಕೊ. ಇಲ್ಲಿಂದ ರೇಸ್ಮೆ ಸೀರೆ ಉಟ್ಕಂಡು ಓಗು, ಬೀದಿಯೋರು ನೋಡ್ತಾರೆ" ಎಂದರು. ತಾವು ಜೀವಮಾನವೆಲ್ಲ ಬಿಚ್ಚಿ ಎಸೆಯಲು ಕಾದಿದ್ದನ್ನು ಮಗಳು ಆಸೆಪಟ್ಟು ಹೊಲಿಸಿಕೊಂಡು ಬಂದಿದ್ದಾಳೆ ಎಂಬುದು ಅವರ ಮುಖದಲ್ಲೇ ಇತ್ತು. ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ರೇಷ್ಮೆ ಸೀರೆಯನ್ನೇ ಉಡುತ್ತೇನೆ ಎಂದು ಮಾತು ಕೊಟ್ಟೆ.

ಹೊರಡುವ ಹಿಂದಿನ ಸಂಜೆ ಎದುರು ಮನೆಯ ಗಂಡಹೆಂಡತಿ ಬಂದರು. ದೂರ ಹೊರಟವರಿಗೆ ಏನಾದರೂ ಕಟ್ಟಿಕೊಡುವುದು ನಮ್ಮ ಬೀದಿಯ ಪದ್ಧತಿ. ಅವರು ಡಬ್ಬಿ ತುಂಬ ಕೋಡುಬಳೆ ತಂದಿದ್ದರು. ನಡುಮನೆಯ ಚಾಪೆಯ ಮೇಲೆ ಬ್ಯಾಗು ಬಾಯಿ ತೆರೆದುಕೊಂಡು ಬಿದ್ದಿತ್ತು. ನಾನು ಕಾಫಿಗೆಂದು ಅಡುಗೆಮನೆಗೆ ಹೋದೆ. ಲೋಟ ಹಿಡಿದು ಬರುವಷ್ಟರಲ್ಲಿ ಆಕೆ ಡಬ್ಬಿಗೆ ಜಾಗ ಮಾಡಲು ಹೋಗಿ ಅಂಗಿಯನ್ನು ಹೊರಗೆಳೆದು ಎತ್ತಿ ಹಿಡಿದಿದ್ದರು.

"ಇದೇನ್ರೀ ಟೀಚರೇ, ಡ್ರೈವರ್ ಅಂಗಿ ನಿಮ್ಮ ಬ್ಯಾಗಲ್ಲಿ?" ಅವರ ಯಜಮಾನರು ಆಗಲೇ ನಗುತ್ತಿದ್ದರು.

ನನ್ನದು ಎನ್ನಬೇಕು, ಹೊಲಿಗೆಯ ಕಥೆ ಹೇಳಿ ಅವರೊಡನೆ ನಾನೂ ನಕ್ಕುಬಿಡಬೇಕು. ಅಷ್ಟೇ ಇದ್ದದ್ದು. ಆದರೆ ವಿದೇಶಕ್ಕೆ ಹೊರಟ ಟೀಚರು ಡ್ರೈವರ್ ಅಂಗಿ ಹೊಲಿಸಿಕೊಂಡ ಸುದ್ದಿ ನಾಳೆ ಹಾಲಿನ ಬೂತಿನಲ್ಲಿ ನಗೆಯಾಗುತ್ತದೆ ಎಂದು ನೆನೆದು ನಾಲಿಗೆ ಏಳಲಿಲ್ಲ.

"ಅದು ನಂದು ಕಣಮ್ಮ" ಎಂದರು ಅಪ್ಪ, ಕುರ್ಚಿಯಿಂದ ಏಳದೆ. "ನಾನು ಡ್ರೈವರ್ ಆಗಿದ್ನಲ್ಲ. ಅಳೇದು. ಕ್ಯಾಮೆರಾಕ್ಕೆ ಸುತ್ಕೊಳ್ಲಿ ಅಂತ ನಾನೇ ಮಡಗ್ದೆ."

"ಹೊಸದರ ಹಾಗಿದೆಯಲ್ಲ?"

"ಕೊನೇ ವರ್ಸ ಕೊಟ್ಟಿದ್ದು. ಆಕ್ಕೊಳ್ಳೇ ಇಲ್ಲ."

ಆಕೆ ಅಂಗಿಯನ್ನು ಮೆಲ್ಲಗೆ ಬ್ಯಾಗಿನ ಮೇಲೆ ಇಟ್ಟರು. ಅವರ ಯಜಮಾನರು ಕಾಫಿ ಬಿಸಿಯಾಗಿದೆ ಎಂದರು, ಬಂಡೀಪುರದಲ್ಲಿ ಬೆಂಕಿ ಬಿದ್ದ ಸುದ್ದಿ ತೆಗೆದರು, ಲೋಟ ಬರಿದಾಗುವವರೆಗೂ ಅದನ್ನೇ ಹೇಳಿದರು. ಕೆಟ್ಟ ಜನವಲ್ಲ ಅವರು. ಅಷ್ಟು ಹೊತ್ತೂ ನಾನು ತಟ್ಟೆ ಹಿಡಿದು ಬಾಗಿಲಿಗೆ ಒರಗಿ ನಿಂತಿದ್ದೆ. ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

ಏಳುವಾಗ ಬ್ಯಾಂಕಿನವರು ಅಪ್ಪನ ಹೆಗಲು ತಟ್ಟಿ, "ಬರ್ತೀವಿ ಯಜಮಾನ್ರೇ" ಎಂದರು. ಅದೇನೂ ಬೈಗುಳವಲ್ಲ. ತರಕಾರಿ ಗಾಡಿಯ ಮುದುಕರನ್ನು, ವಯಸ್ಸಾದ ಆಟೋದವರನ್ನು ನಮ್ಮ ಬೀದಿಯವರು ಪ್ರೀತಿಯಿಂದಲೇ ಹಾಗೆ ಕರೆಯುತ್ತಾರೆ. ಅಪ್ಪ ಕೈಮುಗಿದು, "ಊಂ, ಬನ್ನಿ" ಎಂದರು.

ಅವರು ಗೇಟು ದಾಟಿದ ಮೇಲೆ ಅಪ್ಪ ಚಾಪೆಯ ಮೇಲೆ ಕುಳಿತು ಆ ಅಂಗಿಯನ್ನು ಮಡಿಸಿದರು. "ಅಪ್ಪ, ನಾನು ಹೋಗಿ ಹೇಳಿ ಬರ್ತೀನಿ" ಎಂದೆ. "ಏನಂತ ಏಳ್ತೀಯ? ನಾನು ಡ್ರೈವರ್ ಅಲ್ಲ ಅಂತಲಾ? ಬುಡು, ನಿನ್ ಮಾತ್ರೆ ಡಬ್ಬಿ ಎಲ್ಲಿಟ್ಟೆ ನೋಡ್ಕೊ" ಎಂದರು.

ಮಾರನೆಯ ದಿನ ರೇಷ್ಮೆ ಸೀರೆ ಉಟ್ಟೇ ಹೊರಟೆ. ಕಾಡಿಗೆ ಇಳಿದ ಮೇಲೆ ಆ ಅಂಗಿಯನ್ನೇ ತೊಟ್ಟೆ. ಹೆಗಲ ಪಟ್ಟಿ, ಮುಚ್ಚಳದ ಜೇಬು, ಬಿಲ್ಲೆಯ ಕಾಜ, ಎಲ್ಲ ಇದ್ದವು. ಜೀಪಿನವರು, ಡೇರೆಯವರು, ನೀರು ತಂದುಕೊಡುವವರು, ಎಲ್ಲರೂ ನನ್ನನ್ನು ಮೇಡಂ ಎಂದೇ ಕರೆದರು. ಪ್ರತಿ ಸಲವೂ ನನಗೆ ನಾಚಿಕೆಯಾಯಿತು.