ಭಾಷಣಕ್ಕೆ ಬಂದ ಡಾಕ್ಟರಮ್ಮ, ಗೆಂಡೆಹಳ್ಳಿಯ ಕೂಸು

ಎರಡು ತಿಂಗಳ ಹಿಂದೆ ಅರಸೀಕೆರೆ ಸ್ಟೇಷನ್ನಿನಲ್ಲಿ ನಾನು ತಪ್ಪು ಮನುಷ್ಯರಿಗೆ ಹಾರ ಹಾಕಿದೆ.

ಬರಬೇಕಾಗಿದ್ದವರು ಇಂಗ್ಲೆಂಡಿನ ಮೂಳೆ ಡಾಕ್ಟರು. ನಮ್ಮಂಥ ಬಡ ದೇಶಗಳ ಡಾಕ್ಟರುಗಳಿಗೆ ತಾವು ಕಲಿತದ್ದನ್ನು ಹೇಳಿಕೊಡಲು ಊರೂರು ಸುತ್ತುತ್ತಿದ್ದರು. ಬಂದ ಕಾಗದದಲ್ಲಿ ಎರಡು ಇನಿಷಿಯಲ್ಲು, ಒಂದು ಮನೆತನದ ಹೆಸರು, ಅಷ್ಟೇ. ಫಸ್ಟ್ ಕ್ಲಾಸ್ ಡಬ್ಬಿಯಿಂದ ಸೂಟುಬೂಟಿನ, ಬೆಳ್ಳಗಿನ ದೊಡ್ಡ ಮನುಷ್ಯರೊಬ್ಬರು ಇಳಿದರು. ನಾನು ಹಾರ ಹಾಕಿ ಕೈ ಮುಗಿದೆ. ಅವರು ಕೊಬ್ಬರಿ ಖರೀದಿಗೆ ಬಂದಿದ್ದ ಬೊಂಬಾಯಿ ಸಾಹುಕಾರರು. 'ಎಷ್ಟು ಒಳ್ಳೆಯ ಊರು' ಎಂದುಕೊಂಡು ಹಾರದ ಸಮೇತ ಮಂಡಿಗೆ ನಡೆದರು.

ಅವರ ಹಿಂದೆ ತಮ್ಮ ಪೆಟ್ಟಿಗೆಯನ್ನು ತಾವೇ ಹಿಡಿದುಕೊಂಡು, ಐವತ್ತು ದಾಟಿದ ಹೆಂಗಸೊಬ್ಬರು ನಗುತ್ತ ನಿಂತಿದ್ದರು. ಮೂಳೆ ಡಾಕ್ಟರು ಹೆಂಗಸಾಗಿರಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. (ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುವ ನನಗಾದರೂ ಹೊಳೆಯಬೇಕಿತ್ತು.)

ನಾನೇಕೆ ಅಲ್ಲಿದ್ದೆ? ಡಾಕ್ಟರುಗಳಿಗೆ ಇಂಗ್ಲಿಷ್ ಬರುತ್ತದೆ, ರೋಗಿಗಳಿಗೆ ಬರುವುದಿಲ್ಲ. ಮಧ್ಯೆ ಒಬ್ಬ ಮೇಷ್ಟ್ರು ಇರಲಿ ಎಂದು ನನ್ನನ್ನು ಎಳೆದಿದ್ದರು.

ನಮ್ಮ ಸ್ಕೂಲ್ ಹಾಲಿನಲ್ಲಿ ಸಭೆ. ಸುತ್ತಲ ತಾಲ್ಲೂಕುಗಳ ಡಾಕ್ಟರುಗಳು, ನರ್ಸುಗಳು ಬಂದಿದ್ದರು. ಪ್ರಾರ್ಥನೆ, ಸ್ವಾಗತ, ಇನ್ನೊಂದು ಸ್ವಾಗತ, ಅಧ್ಯಕ್ಷರ ಮುನ್ನುಡಿ. ಮೈಲಿಗಟ್ಟಲೆ ದಾಟಿ ಬಂದವರಿಗೆ ನಾವು ಉಳಿಸಿದ್ದು ಅರ್ಧ ಗಂಟೆ.

ಅವರು ಮಾತಾಡಿದ್ದು ಒಂದೇ ವಿಷಯ. ಕೆಲವು ಮಕ್ಕಳು ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿಕೊಂಡಿರುತ್ತದೆ. ಹಸುಗೂಸಿನ ಕಾಲು ಎಳೆಯದು, ಬಳುಕುತ್ತದೆ. ಮೆಲ್ಲಗೆ ನೇರ ಮಾಡಿ, ಅದೇ ಭಂಗಿಯಲ್ಲಿ ಪ್ಲಾಸ್ಟರ್ ಪಟ್ಟಿ ಸುತ್ತಬೇಕು. ವಾರಕ್ಕೊಮ್ಮೆ ಬಿಚ್ಚಿ, ಇನ್ನಷ್ಟು ತಿದ್ದಿ, ಮತ್ತೆ ಸುತ್ತಬೇಕು. ಬೇಗ ಹಿಡಿದರೆ ಎಷ್ಟೋ ಮಕ್ಕಳಿಗೆ ಚಾಕು ತಾಗಿಸಬೇಕಾಗಿಲ್ಲ.

ಆಗ ಬೇಲೂರಿನ ಡಾಕ್ಟರ್ ಬಸವರಾಜು ಎದ್ದು ನಿಂತರು. ಪಾಸಾಗಿ ಎರಡು ವರ್ಷವಾದ ಹುಡುಗ ಡಾಕ್ಟರು. "ಅಂಥದೊಂದು ಮಗುವನ್ನು ಕರಕೊಂಡು ಬಂದಿದ್ದೇನೆ. ಹೊರಗೆ ಕೂತಿದ್ದಾರೆ" ಎಂದರು.

ಒಳಗೆ ಬಂದವರು ಗೆಂಡೆಹಳ್ಳಿಯ ಗೌರಮ್ಮ, ಅವಳ ಅತ್ತೆ ನಿಂಗಮ್ಮ. ಗೌರಮ್ಮನ ಮಡಿಲಲ್ಲಿ ಇಪ್ಪತ್ತು ದಿನದ ಹೆಣ್ಣುಕೂಸು. ಎರಡೂ ಅಂಗಾಲು ಒಂದನ್ನೊಂದು ನೋಡುತ್ತಿದ್ದವು. ಸೊಸೆ ತಲೆ ಎತ್ತಲಿಲ್ಲ. ಅತ್ತೆ ಮಾತ್ರ ಮಾತಾಡಿದರು.

"ಬಸ್ರಿ ಇದ್ದಾಗ ಗ್ರಾಣ ಹಿಡ್ದ ಹೊತ್ತಲ್ಲಿ ಈಳಿಗೆ ಮಣೆ ಮುಟ್ಟಬ್ಯಾಡ ಅಂದಿದ್ದೆ ಸ್ವಾಮಿ. ಕೇಳ್ಲಿಲ್ಲ ಇವಳು. ಈಗ ಕೂಸಿಗೆ ಇಂಗಾಗೈತೆ. ನಾಳೆ ಯಾರು ಕೈ ಹಿಡೀತಾರೆ?"

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಿಜ ಹೇಳುತ್ತೇನೆ, ಈ ಮಾತು ಬಿಟ್ಟು ಬೇರೇನಾದರೂ ಹೇಳೋಣವೆನಿಸಿತು. ವಿದೇಶದವರ ಮುಂದೆ ನಮ್ಮ ಮನೆಯ ಮಾತು ಯಾಕೆ? ಆದರೆ ತಗ್ಗಿದ ಆ ತಲೆ ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಅವರು ನಗಲಿಲ್ಲ. ಕುರ್ಚಿ ಎಳೆದು ಗೌರಮ್ಮನ ಎದುರು ಕೂತರು. "ನಮ್ಮ ದೇಶದಲ್ಲೂ ಇಂಥ ಮಕ್ಕಳು ಹುಟ್ಟುತ್ತವೆ. ಅಲ್ಲೂ ತಾಯಂದಿರು ನನ್ನಿಂದ ಏನು ತಪ್ಪಾಯಿತು ಅಂತ ಕೇಳುತ್ತಾರೆ. ಈಕೆ ಮಾಡಿದ್ದರಿಂದಾಗಲಿ ಮಾಡದೆ ಬಿಟ್ಟದ್ದರಿಂದಾಗಲಿ ಹೀಗಾದದ್ದಲ್ಲ ಎಂದು ಇಬ್ಬರಿಗೂ ಹೇಳಿ."

ಹೇಳಿದೆ. ಗೌರಮ್ಮ ಮೊದಲ ಸಲ ತಲೆ ಎತ್ತಿದಳು. ಕಣ್ಣು ತುಂಬಿತ್ತು.

"ಅಂಗಾರೆ ಯಾರ ತೆಪ್ಪು?" ನಿಂಗಮ್ಮ ಕೇಳಿದರು.

"ಯಾರದೂ ಅಲ್ವಂತೆ ಕಣಮ್ಮ."

ಮುದುಕಿ ಸೊಸೆಯ ಜಾರಿದ ಸೆರಗನ್ನು ಸರಿಮಾಡಿದರು.

ಡಾಕ್ಟರಮ್ಮ ಈಗ ಪಟ್ಟಿ ಸುತ್ತುತ್ತಾರೆ, ನಾವು ನೋಡೋಣ ಎಂದು ಎಲ್ಲರೂ ಮುಂದೆ ಬಾಗಿದೆವು. ಅವರು ಬಸವರಾಜುವನ್ನು ಕರೆದರು. "ನೀವು ಮಾಡಿ."

"ನಾನು ಇದನ್ನು ಯಾವತ್ತೂ ಮಾಡಿಲ್ಲ."

"ಗೊತ್ತು. ನಾಡಿದ್ದು ನಾನು ರೈಲಿನಲ್ಲಿರುತ್ತೇನೆ. ಮುಂದಿನ ವಾರ ಪಟ್ಟಿ ಬದಲಾಯಿಸುವವರು ಯಾರು?"

ಬಸವರಾಜು ತೋಳು ಮಡಚಿ ಮುಂದೆ ಬಂದರು. ಡಾಕ್ಟರಮ್ಮ ಪಕ್ಕದಲ್ಲಿ ನಿಂತು ಬಾಯಲ್ಲಷ್ಟೇ ಹೇಳಿದರು. ಇಲ್ಲಿ ಹೆಬ್ಬೆರಳು ಇಡಿ. ಒತ್ತಬೇಡಿ, ಕಾಯಿರಿ. ಈಗ ಸುತ್ತಿ. ಮೊದಲನೆಯ ಕಾಲಿನ ಪಟ್ಟಿ ಸೊಟ್ಟಗಾಯಿತು. ಬಿಚ್ಚಿಸಿದರು. ಮತ್ತೆ ಸುತ್ತಿಸಿದರು. ಅಳುವ ಕೂಸಿಗೆ ಬಾಟಲಿ ಹಾಲೋ ಬೆರಳೋ ಎಂದು ನಾವು ಪರದಾಡುತ್ತಿದ್ದರೆ, ಗೌರಮ್ಮ ತಣ್ಣಗೆ ಎದೆಗೆ ಹಾಕಿಕೊಂಡಳು. ಅಳು ನಿಂತಿತು. ಎರಡನೆಯ ಕಾಲು ಒಂದೇ ಸಲಕ್ಕೆ ಸರಿಯಾಯಿತು.

ಮರುದಿನ ಹಳೇಬೀಡು, ಬೇಲೂರು ದರ್ಶನ. ಜೀಪು, ಫೋಟೋದವರು, ಶಾಲು, ಎಲ್ಲ ಸಿದ್ಧ. ಬೇಲೂರು ಆಸ್ಪತ್ರೆಗೆ ಪಟ್ಟಿ ಸುತ್ತುವುದನ್ನು ಕಲಿಯಲು ನರ್ಸುಗಳು ಬರುತ್ತಾರೆಂದು ತಿಳಿದದ್ದೇ ಡಾಕ್ಟರಮ್ಮ ಹಳೇಬೀಡಿನಲ್ಲಿ ಇಳಿಯಲೇ ಇಲ್ಲ. "ಈ ದೇವಸ್ಥಾನ ನೂರಾರು ವರ್ಷ ಕಾದಿದೆ, ಇನ್ನಷ್ಟು ದಿನ ಕಾಯುತ್ತದೆ. ಅವರು ಕಾಯುವುದಿಲ್ಲ" ಎಂದರು. ಸ್ವಾಗತ ಸಮಿತಿಯವರ ಮುಖ ಇಷ್ಟೇ ಇಷ್ಟಾಯಿತು. ಬೇಲೂರಿನಲ್ಲಿ ಇಡೀ ದಿನ ಪಟ್ಟಿ ಸುತ್ತುವ ಪಾಠ. ಪಾಪ, ಎಲ್ಲರ ಅಭ್ಯಾಸಕ್ಕೆಂದು ಕಾಂಪೌಂಡರರ ಕೈಗೆ ಅವತ್ತು ಏಳು ಸಲ ಪ್ಲಾಸ್ಟರ್ ಬಿತ್ತು.

ಡಾಕ್ಟರಮ್ಮ ಹೋದರು. ಇನ್ನು ಕಥೆ ಮುಗಿಯಿತು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ.

ಮುಂದಿನ ವಾರ ಅತ್ತೆ ಸೊಸೆ ಇಬ್ಬರೂ ಬಸ್ಸಿನಲ್ಲಿ ಬೇಲೂರಿಗೆ ಬಂದರು. ಬಸವರಾಜು ಪಟ್ಟಿ ಬಿಚ್ಚಲು ಕತ್ತರಿ ಎತ್ತಿದೊಡನೆ ಕೂಸು ಕಿರುಚಿತು. ನಿಂಗಮ್ಮ ಕತ್ತರಿ ಹಿಡಿದ ಕೈಯನ್ನೇ ತಡೆದರಂತೆ.

"ಇದು ಮೆತ್ತಿದ ಮಣ್ಣಿನಂಗೆ ತಾನೇ ಡಾಕ್ಟ್ರೇ? ನೆನೆದ್ರೆ ಮೆತ್ತಗಾಗಲ್ವಾ? ಬೆಚ್ಚಗಿನ ನೀರು ಕೊಡಿ, ನಾ ಬಿಚ್ತೀನಿ."

ಬೇಸನ್ನಿನಲ್ಲಿ ಕೂಸಿನ ಕಾಲು ಇಳಿಬಿಟ್ಟುಕೊಂಡು, ಹಾಡಿಕೊಂಡು, ಸುರುಳಿ ಸುರುಳಿಯಾಗಿ ಬಿಚ್ಚಿದರು. ಕೂಸು ನಿದ್ದೆ ಹೋಯಿತು. ಅಂದಿನಿಂದ ಆ ಆಸ್ಪತ್ರೆಯಲ್ಲಿ ಕೂಸುಗಳ ಕಾಲಿಗೆ ಕತ್ತರಿ ಇಲ್ಲ.

ಬಸವರಾಜು ಇದನ್ನು ಇಂಗ್ಲೆಂಡಿಗೆ ಬರೆದರು. ಮೊನ್ನೆ ಉತ್ತರ ಬಂದಿದೆ. ಬಸವರಾಜು ಅದನ್ನು ತಂದು ತೋರಿಸಿದರು. 'ಇಷ್ಟು ವರ್ಷ ನಾನು ಪಟ್ಟಿಯನ್ನು ಕತ್ತರಿಸುತ್ತಲೇ ಬಂದೆ. ಈಗ ನನ್ನ ವಾರ್ಡಿನಲ್ಲಿ ಬೆಚ್ಚಗಿನ ನೀರು ಇಟ್ಟಿದ್ದೇವೆ, ಮಕ್ಕಳು ಅಳುವುದು ಕಡಿಮೆಯಾಗಿದೆ. ನನಗೆ ಕಲಿಸಿದ ಆ ಅಜ್ಜಿಗೆ ನಮಸ್ಕಾರ ತಿಳಿಸಿ.' ತಿಳಿಸಲು ನಾನೇ ಗೆಂಡೆಹಳ್ಳಿಗೆ ಹೋಗಿದ್ದೆ.

ನಿಂಗಮ್ಮ ಜಗಲಿಯಲ್ಲಿ ಕೂತು ಮೊಮ್ಮಗಳ ಬಲಗಾಲಿಗೆ ಎಣ್ಣೆ ತೀಡುತ್ತಿದ್ದರು. ಅದು ನೇರವಾಗಿದೆ. ಎಡಗಾಲಿಗೆ ಇನ್ನು ಎರಡು ಪಟ್ಟಿ ಸಾಕಂತೆ. ಕಾಗದ ಓದಿ ಅರ್ಥ ಹೇಳಿದೆ. ಮುದುಕಿ ಕೇಳಿ, ಒಳಗಿದ್ದ ಸೊಸೆಯನ್ನು ಕೂಗಿದರು. "ಬಾರೇ ಗೌರಾ, ಮೇಷ್ಟ್ರು ಬಂದವ್ರೆ. ಇನ್ನೊಂದ್ಸಲ ಓದ್ತಾರೆ, ನೀನೂ ಕೇಳು."

ಓದಿದೆ. ಸೊಸೆ ಬಾಗಿಲಲ್ಲಿ ನಿಂತು ನಕ್ಕಳು.

ವಾಪಸು ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ನಮ್ಮೂರ ಹಾಲಿಗೆ ಎಷ್ಟು ಜನ ದೊಡ್ಡವರು ಬಂದಿದ್ದಾರೆ, ಎಷ್ಟು ಚೆನ್ನಾಗಿ ಮಾತಾಡಿದ್ದಾರೆ, ಎಷ್ಟು ಚಪ್ಪಾಳೆ ತಟ್ಟಿದ್ದೇವೆ. ಒಂದು ಮಾತೂ ನೆನಪಿಲ್ಲ.

ಇನ್ನು ಮೇಲೆ ಭಾಷಣಕ್ಕೆ ಯಾರನ್ನಾದರೂ ಕರೆಯುವ ಮೊದಲು ಇಷ್ಟು ಕೇಳಿಕೊಂಡರೆ ಹೇಗೆ: ಇವರು ರೈಲು ಹತ್ತಿದ ಮೇಲೆ ನಮ್ಮಲ್ಲಿ ಯಾರಿಗೆ ಏನು ಮಾಡಲು ಬರುತ್ತದೆ?