ಕಂದೀಲಿನ ಕಾವಿನಲ್ಲಿ ಉಳಿದ ಎರಡು ಮೊಟ್ಟೆ

ನಾನು ಮದುವೆಯಾಗಿ ಯಾದಗಿರಿಗೆ ಬಂದ ಹೊಸತರಲ್ಲಿ, ಕಾವಿಗೆ ಕೂತಿದ್ದ ನಮ್ಮ ಮನೆಯ ಕೋಳಿಯನ್ನು ಕಾಡುಬೆಕ್ಕು ಹೊತ್ತುಕೊಂಡು ಹೋಯಿತು. ಬುಟ್ಟಿಯಲ್ಲಿದ್ದ ಮೊಟ್ಟೆಗಳು ಇನ್ನೂ ಬೆಚ್ಚಗಿದ್ದವು. ಅತ್ತೆ ಒಂದನ್ನು ಬಿಸಿಲಿಗೆ ಹಿಡಿದು ನೋಡಿ, "ಒಳಗ ಜೀವ ಅದ. ಈಗ ಇವನ್ನ ಏನ್ ಮಾಡೂದು?" ಎಂದು ಕೂತುಬಿಟ್ಟರು.

ನನ್ನ ಗಂಡ ಹತ್ತಿ ಕಾರ್ಖಾನೆಯಲ್ಲಿ ತೂಕದ ಕೆಲಸಕ್ಕಿದ್ದರು. ಅಲ್ಲಿಯ ಸಾಹೇಬರ ಬಂಗಲೆಯಲ್ಲಿ ಅಡುಗೆ ಮಾಡುವ ಬಾವರ್ಚಿ ಕೋಳಿಯಿಲ್ಲದೆಯೇ ಪೆಟ್ಟಿಗೆಯೊಳಗೆ ಮರಿ ಮಾಡಿಸುವುದನ್ನು ಕಂಡಿದ್ದರು. ಅಂದೇ ಚಹಾಪುಡಿಯ ಖಾಲಿ ಪೆಟ್ಟಿಗೆಯೊಂದನ್ನು ತಂದು, ತಳಕ್ಕೆ ತಗಡು ಬಡಿದು, ಅದರ ಕೆಳಗೆ ಕಂದೀಲು ಇಟ್ಟರು. ಸುತ್ತ ಕುರಿಯ ಉಣ್ಣೆ ತುರುಕಿ, ಒಳಗೆ ಒಂದು ಬಟ್ಟಲು ನೀರಿಟ್ಟರು. ನಿಜಾಮ್ ಸರಕಾರದ ಕೊನೆಗಾಲ, ಮೇಲೆ ಯುದ್ಧ ಬೇರೆ. ಚಿಮಣಿ ಎಣ್ಣೆ ಸುಲಭಕ್ಕೆ ಸಿಗುತ್ತಿರಲಿಲ್ಲ. "ಮನಿಗಿ ದೀಪ ಇಲ್ಲ, ತತ್ತಿಗಿ ದೀಪ!" ಎಂದು ಅತ್ತೆ ಗೊಣಗುತ್ತಲೇ ಮೊಟ್ಟೆಗಳನ್ನು ಕಣ್ಣರೆಪ್ಪೆಗೆ ತಾಗಿಸಿ ಕಾವು ನೋಡುತ್ತಿದ್ದರು. ಬಿಸಿ ಹೆಚ್ಚಾಗಿದ್ದರೆ ಬತ್ತಿ ಇಳಿಸು ಎಂದು ನನಗೆ ಹೇಳುವರು. ಮೊಟ್ಟೆ ತಿರುವಿಡುವುದು ನನ್ನ ಪಾಲಿಗೆ ಬಂತು.

ಒಂದು ಬೆಳಗ್ಗೆ ಮುಚ್ಚಳಕ್ಕೆ ಕಿವಿಯಿಟ್ಟರೆ ಒಳಗಿಂದ ಚಿಂವ್‌ಗುಟ್ಟುವ ಸದ್ದು. ನಮಗೆ ತಡೆಯಲಾಗದೆ ಮೂವರೂ ಸರದಿಯಂತೆ ಮುಚ್ಚಳ ತೆಗೆದು ಇಣುಕಿದ್ದೇ ಇಣುಕಿದ್ದು. ಸೂರ್ಯ ಮೇಲೇರುವ ಹೊತ್ತಿಗೆ ಒದ್ದೆ ಮರಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಎರಡು ಮೊಟ್ಟೆ ಮಾತ್ರ ಹಾಗೇ ಉಳಿದವು. ಎರಡಕ್ಕೂ ಸಣ್ಣ ತೂತು, ತೂತಿನಲ್ಲಿ ಕೊಕ್ಕಿನ ತುದಿ. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಹೊರಗೆ ಮಾತ್ರ ಬರಲೊಲ್ಲದು.

"ಬಾವರ್ಚಿ ಮುಟ್ಟಬ್ಯಾಡ ಅಂದಾನ," ಎಂದರು ನನ್ನ ಗಂಡ.

ಅತ್ತೆ ಕೊಂಕಲ್‌ನ ಕುರಿಗಾರರ ಮನೆಯ ಮಗಳು. ಕುರಿ ಈಯುವಾಗ ಅಡ್ಡ ಸಿಕ್ಕಿಕೊಂಡ ಎಷ್ಟೋ ಮರಿಗಳನ್ನು ಕೈಹಾಕಿ ಎಳೆದು ಬದುಕಿಸಿದವರು. "ಸಿಕ್ಕೊಂಡದ್ದನ್ನ ನೋಡ್ಕೋತ ಕುಂದರೂದೇನೋ ತಮ್ಮಾ?" ಎಂದು ಒಂದು ಮೊಟ್ಟೆಯ ಚಿಪ್ಪನ್ನು ಉಗುರಿನಿಂದ ಸುಲಿದರು. ಒಳಪೊರೆ ಹರಿಯುತ್ತಲೇ ರಕ್ತ ಜಿನುಗಿತು. ಮರಿ ಅಂಗೈಮೇಲೆ ಬಿತ್ತು. ಅದರ ಹೊಟ್ಟೆಗೆ ಅರಿಸಿನ ಬಣ್ಣದ ಒಂದು ಚೀಲ ಹೊರಗಿನಿಂದ ಅಂಟಿಕೊಂಡಿತ್ತು. ಸ್ವಲ್ಪ ಹೊತ್ತು ಉಸಿರಾಡಿ ಸುಮ್ಮನಾಯಿತು.

ಅತ್ತೆಯ ಮುಖ ಬಾಡಿತು. ನನಗೂ ಸಂಕಟವಾಯಿತು, ಆದರೆ ಆ ಚೀಲದಿಂದ ಕಣ್ಣು ಕೀಳಲಾಗಲಿಲ್ಲ. ಹುಟ್ಟಿದ ಮರಿಗಳನ್ನು ಒಂದೊಂದಾಗಿ ಎತ್ತಿ ಹೊಟ್ಟೆ ನೋಡಿದೆ. ಯಾವುದಕ್ಕೂ ಚೀಲವಿರಲಿಲ್ಲ, ಹೊಕ್ಕುಳಿನಷ್ಟು ಒಂದು ಗುರುತು, ಅಷ್ಟೇ.

"ಅತ್ತಿ, ಇದು ತತ್ತಿ ಒಳಗಿನ ಹಳದಿ ಅಲ್ಲೇನ್ರಿ? ಅವು ಅದನ್ನ ಹೊಟ್ಟಿ ಒಳಗ ತಗೊಂಡು ಬಂದಾವ."

ಅತ್ತೆ ಬಗ್ಗಿ ನೋಡಿದರು. "ಬುತ್ತಿ ಕಟ್ಟಿಕೊಳ್ಳಾಕತ್ತಿತ್ತು, ಪಾಪ. ನಾ ನಡುವ ಎಬ್ಬಿಸಿದೆ."

ಸುಮ್ಮನೆ ಬಿದ್ದುಕೊಂಡಂತೆ ಕಾಣುವ ಮರಿಗೆ ಒಳಗೆ ಇಷ್ಟೊಂದು ಕೆಲಸವಿರುತ್ತದೆಂದು ನಮಗಾರಿಗೂ ಗೊತ್ತಿರಲಿಲ್ಲ. ಇನ್ನೊಂದನ್ನು ಮುಟ್ಟದೆ ಬಿಟ್ಟೆವು. ನನ್ನ ಗಂಡ ಕೆಲಸಕ್ಕೆ ಹೋದರು.

ಮಧ್ಯಾಹ್ನದ ರೊಟ್ಟಿ ಬಡಿದು ಮುಗಿಸಿ ನೋಡಿದರೆ ತೂತು ಅಷ್ಟೇ ಇತ್ತು. ಚಿಂವ್ ಎನ್ನುವ ಸದ್ದು ಕ್ಷೀಣಿಸಿತ್ತು. ತೂತಿನ ಅಂಚಿನ ಪೊರೆ ಹಳೆಯ ಕಾಗದದಂತೆ ಒಣಗಿ ಮರಿಯ ಪುಕ್ಕಕ್ಕೆ ಅಂಟಿತ್ತು. ಬಟ್ಟಲಲ್ಲಿ ನೀರೂ ಆರಿಹೋಗಿತ್ತು. ನಾವು ಮುಚ್ಚಳ ತೆಗೆದಾಗಲೆಲ್ಲ ಒಳಗಿನ ಹಬೆ ಹೊರಗೆ ಹೋಗಿತ್ತೆಂದು ಆಗ ಹೊಳೆಯಿತು. ಹಾಗಾದರೆ ಈ ಮರಿ ತನ್ನ ಕೆಲಸ ಮುಗಿಸಿಕೊಂಡು ಒಣಗಿದ ಪೊರೆಗೆ ಅಂಟಿ ಕೂತಿದೆಯೋ, ಇಲ್ಲ ಇನ್ನೂ ಬುತ್ತಿ ಕಟ್ಟುತ್ತಿದೆಯೋ? ಹೊರಗಿನಿಂದ ಹೇಗೆ ತಿಳಿಯುವುದು?

"ನಾ ಇನ್ನ ಕೈ ಹಚ್ಚಂಗಿಲ್ಲವ್ವಾ," ಎಂದರು ಅತ್ತೆ. "ನೀನೇ ನೋಡು."

ಉಗುರುಬೆಚ್ಚನೆ ನೀರಲ್ಲಿ ಅರಿವೆ ಅದ್ದಿ ಪೊರೆಯನ್ನು ನೆನೆಸಿದೆ. ನೆನೆದಾಗ ಅದು ತಿಳಿಯಾಗಿ ಒಳಗಿನದು ಕಾಣಿಸಿತು: ಒಂದು ಕಡೆ ಬರೀ ಬಿಳುಪು, ಇನ್ನೊಂದು ಕಡೆ ಕೂದಲೆಳೆಯಂಥ ಕೆಂಪು ಗೆರೆ. ಬಿಳುಪಿದ್ದ ಕಡೆ ಅಕ್ಕಿಕಾಳಿನಷ್ಟು ಚಿಪ್ಪು ತೆಗೆದೆ. ರಕ್ತ ಬರಲಿಲ್ಲ. ಕೆಂಪು ಗೆರೆಯ ಹತ್ತಿರ ಬಂದಾಗ, ಹರಿದರೆ ರಕ್ತ ಬಂದೀತೆಂದು ಕೈ ತಡೆದು, ಮೊಟ್ಟೆಯನ್ನು ಒದ್ದೆ ಅರಿವೆಯಲ್ಲಿ ಸುತ್ತಿ ಮತ್ತೆ ಪೆಟ್ಟಿಗೆಯೊಳಗಿಟ್ಟೆ.

"ಮುಚ್ಚಳ ತೆಗಿಬ್ಯಾಡ," ಎಂದು ಅತ್ತೆ ಅದರ ಮೇಲೆ ಕೈಯಿಟ್ಟುಕೊಂಡೇ ಕೂತರು.

ಬಿಸಿಲು ಅಂಗಳದಿಂದ ಗೋಡೆಗೆ ಹತ್ತಿದ ಮೇಲೆ ಮತ್ತೆ ನೋಡಿದೆ. ಕೆಂಪು ಗೆರೆ ಮಾಸಿ ಆ ಜಾಗವೂ ಬಿಳುಪಾಗಿತ್ತು. ಇನ್ನಷ್ಟು ಬಿಡಿಸಿದೆ. ತಲೆ ಹೊರಬಂತು. ಅಲ್ಲಿಗೇ ನಿಲ್ಲಿಸಿದೆ, ಮಿಕ್ಕಿದ್ದನ್ನು ಮರಿ ತಾನೇ ಒದ್ದು ಬಂತು. ಅತ್ತೆ ಮೊದಲು ಅದರ ಹೊಟ್ಟೆ ನೋಡಿದರು. ಚೀಲ ಇರಲಿಲ್ಲ.

ಅದರ ಒಂದು ಕಾಲಿನ ಬೆರಳುಗಳು ಮಡಚಿಕೊಂಡಿದ್ದವು. ಅತ್ತೆ ಕಡ್ಡಿ ಸೀಳಿ ದಾರದಿಂದ ಬೆರಳಿಗೆ ಕಟ್ಟಿದರು. ಕಡ್ಡಿ ಬಿಚ್ಚಿದ ಮೇಲೂ ಅದು ಸ್ವಲ್ಪ ಕುಂಟುತ್ತಲೇ ಇತ್ತು, ಆದರೆ ಜೋಳ ಚೆಲ್ಲಿದಾಗ ಎಲ್ಲಕ್ಕಿಂತ ಮೊದಲು ಓಡಿ ಬರುತ್ತಿತ್ತು.

"ನಾವು ಮುಟ್ಟದಿದ್ದರ ಅದು ತಾನಾ ಬರ್ತಿತ್ತೇನ್ರಿ ಅತ್ತಿ?" ಎಂದು ಒಮ್ಮೆ ಕೇಳಿದೆ.

"ಬರ್ತಿತ್ತೋ ಏನೋ. ಬಾವರ್ಚಿನ್ನ ಕೇಳಂತ ಹೇಳು ನಿನ್ನ ಗಂಡಗ."

ನನ್ನ ಗಂಡ ಕೇಳಿಕೊಂಡು ಬಂದರು. ಬಾವರ್ಚಿ ಯಾವತ್ತೂ ಮುಟ್ಟಿಯೇ ಇರಲಿಲ್ಲವಂತೆ, ಹಾಗಾಗಿ ಅವನಿಗೂ ಗೊತ್ತಿರಲಿಲ್ಲ. ಕೆಂಪು ಗೆರೆ ಹೇಗಿತ್ತು, ಎಷ್ಟು ಹೊತ್ತಿಗೆ ಮಾಸಿತು ಎಂದು ಅವನೇ ತಿರುಗಿ ಕೇಳಿ ಕಳಿಸಿದ್ದ.